ಬಾಗಿಲು ಮುಚ್ಚುವ ಮುಂಚೆ

ಯೌವನಸ್ಥರ ಕೂಟದ ಪಾಠ
ಓದುವ ಭಾಗ: ವಿಮೋಚನಕಾಂಡ 12:3-4, 21-22; ಧರ್ಮೋಪದೇಶಕಾಂಡ 24:14-15; 1 ಕೊರಿಂಥ 11:20-22, 33

ಕುಳಿತುಕೊಳ್ಳಿ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಹೋದ ತಿಂಗಳು ಕೂಟ ಮುಗಿದ ಮೇಲೆ ನಾವು ಕೆಲವರು ಕೆಳಗಿನ ಟೀ ಅಂಗಡಿ ಹತ್ತಿರ ನಿಂತಿದ್ದೆವು. ಇನ್ನು ಮುಂದೆ ವಾರಕ್ಕೆ ಐದು ದಿನ ಆಫೀಸಿಗೆ ಬರಲೇಬೇಕು ಅಂತ ಒಬ್ಬ ತಮ್ಮನಿಗೆ ಮೇಲ್ ಬಂದಿತ್ತು. ಅವನು ಹೇಳಿದ: "ಪಾಸ್ಟರ್, ಆ ಲಾಕ್‌ಡೌನ್ ದಿನಗಳೇ ಚೆನ್ನಾಗಿದ್ವು. ಟ್ರಾಫಿಕ್ ಇಲ್ಲ, ಅಮ್ಮನ ಕೈ ಊಟ, ಬೆಳಿಗ್ಗೆ ಬೈಬಲ್ ಓದೋಕೂ ಟೈಮ್ ಸಿಗ್ತಿತ್ತು." ಸುತ್ತ ಇದ್ದವರು ಹೌದು ಹೌದು ಅಂದರು. ನಾನೂ ತಲೆಯಾಡಿಸಿದೆ. ಲೋಟ ತೆಗೆದುಕೊಳ್ಳಲು ಬಂದ ಟೀ ಅಂಗಡಿ ಅಣ್ಣ ಮಾತ್ರ, "ಸಾರ್, ಆ ದಿನ ನಮಗೆ ನೆನಪು ಮಾಡ್ಬೇಡಿ" ಅಂದು ಒಳಗೆ ಹೋದರು.

ಒಂದೇ ಊರು, ಒಂದೇ ರಸ್ತೆ, ಅದೇ ದಿನಗಳು. ಒಬ್ಬರಿಗೆ ಮತ್ತೆ ಬೇಕು ಅನ್ನಿಸುತ್ತದೆ, ಇನ್ನೊಬ್ಬರಿಗೆ ನೆನೆಸಿಕೊಳ್ಳಲೂ ಭಯ. ಯಾಕೆ? ಆ ರಾತ್ರಿ ಮನೆಗೆ ಹೋದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಇವತ್ತು ಈ ಪಾಠ.

ಮೊದಲೇ ಒಂದು ಮಾತು. ಲಾಕ್‌ಡೌನ್ ಮಾಡಿದ್ದು ಸರಿಯೋ ತಪ್ಪೋ ಅಂತ ತೀರ್ಪು ಹೇಳಲು ನಾನು ನಿಂತಿಲ್ಲ. ರೋಗ ಸುಳ್ಳಾಗಿರಲಿಲ್ಲ. ನಮ್ಮ ಸಭೆಯವರನ್ನೇ ಸಮಾಧಿ ಮಾಡಿ ಬಂದಿದ್ದೇವೆ, ಹತ್ತಿರ ಹೋಗಿ ಮುಖ ನೋಡಲೂ ಆಗಲಿಲ್ಲ. ಇವತ್ತಿನ ವಿಷಯ ನಮ್ಮ ಹೃದಯದ್ದು. ಆ ದಿನಗಳ ಬಗ್ಗೆ ನಾವು ಹೇಳುತ್ತಿದ್ದ ಅಭಿಪ್ರಾಯ ಎಲ್ಲಿಂದ ಬಂತು?

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

2020, ಮಾರ್ಚ್ 24. ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು. ಮಧ್ಯರಾತ್ರಿಯಿಂದ ಇಡೀ ದೇಶ ಬಂದ್, 21 ದಿನ. ಕೈಯಲ್ಲಿ ಇದ್ದದ್ದು ನಾಲ್ಕು ಗಂಟೆ. ಆ ವಾರವೇ ನಾನು ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಫೋನ್ ನಿಲ್ಲಿಸಿಕೊಂಡು ಒಂದು ಸಂದೇಶ ರೆಕಾರ್ಡ್ ಮಾಡಿದೆ. ವಾಕ್ಯ ಯೆಶಾಯ 26:20. ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಕೋಪ ದಾಟಿ ಹೋಗುವ ತನಕ ಸ್ವಲ್ಪ ಹೊತ್ತು ಮರೆಯಾಗಿರಬೇಕೆಂದು ಪ್ರವಾದಿ ಹೇಳುವ ಭಾಗ. ನಾನೊಬ್ಬನೇ ಅಲ್ಲ, ಆ ದಿನಗಳಲ್ಲಿ ಎಷ್ಟೋ ಪಾಸ್ಟರ್‌ಗಳು ಇದೇ ವಾಕ್ಯ ಬೋಧಿಸಿದರು. ವಾಟ್ಸಾಪ್‌ನಲ್ಲಿ ತುಂಬಾ ಆಮೆನ್ ಬಂದವು. ನನಗೂ ಸಂತೋಷವಾಯಿತು.

ಮೂರನೇ ದಿನ ನಮ್ಮ ಸಭೆಯ ಒಬ್ಬ ಸಹೋದರಿ ಫೋನ್ ಮಾಡಿದರು. ಯಾದಗಿರಿ ಕಡೆಯವರು. ಗಂಡ ಪೇಂಟಿಂಗ್ ಕೆಲಸ. ಆಕೆ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಿದ್ದರು. ಶೀಟ್ ಹಾಕಿದ ಒಂದು ರೂಮು, ಐದು ಜನ. ಆಕೆ ದೂರು ಹೇಳಲು ಫೋನ್ ಮಾಡಿರಲಿಲ್ಲ. "ಪಾಸ್ಟ್ರೇ, ಮೆಸೇಜ್ ಚೆನ್ನಾಗಿತ್ತು" ಅಂದರು. ಆಮೇಲೆ ಸ್ವಲ್ಪ ನಗುತ್ತಲೇ ಕೇಳಿದರು: "ಒಂದು ಕೇಳ್ಲಾ ಪಾಸ್ಟ್ರೇ? ನಮ್ಮನೇಲಿ ಬಾಗಿಲು ಮುಚ್ಚಿದ್ರೆ ಕತ್ತಲೆ. ಕಿಟಕಿ ಇಲ್ಲ. ಬಾಗಿಲೇ ನಮ್ಗೆ ಕಿಟಕಿ. ನೀರಿಗೂ ಹೊರಗೇ ಹೋಗ್ಬೇಕು, ಬಾತ್‌ರೂಮಿಗೂ ಹೊರಗೇ. ಹೆಂಗ್ ಮಾಡೋದು?"

ನಾನು ಏನು ಹೇಳಿದೆ ಗೊತ್ತಾ? "ನಂಬಿಕೆ ಇಡಮ್ಮ, ಕರ್ತನು ಕಾಪಾಡ್ತಾನೆ. ನಾನು ಪ್ರಾರ್ಥನೆ ಮಾಡ್ತೀನಿ." ಪ್ರಾರ್ಥನೆಯನ್ನೂ ಮಾಡಿದೆ. ಫೋನ್ ಇಟ್ಟೆ. ಮನೆಯಲ್ಲಿ ಅಕ್ಕಿ ಇದೆಯಾ ಅಂತ ಕೇಳಲಿಲ್ಲ.

ಸುಮಾರು ಎರಡು ತಿಂಗಳ ಮೇಲೆ ನನಗೆ ವಿಷಯ ಗೊತ್ತಾಯಿತು. ಆ ಸಮಯದಲ್ಲಿ ಆ ಮನೆಯಲ್ಲಿ ದಿನಕ್ಕೆ ಒಂದೇ ಸಲ ಒಲೆ ಹಚ್ಚುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಇದ್ದದ್ದು ಊರಿನ ಅತ್ತೆ ಮನೆಯ ಕಾರ್ಡಿನಲ್ಲಿ. ಪಕ್ಕದ ಶೀಟ್ ಮನೆಯ ಒಬ್ಬ ಅಮ್ಮ ತನಗೆ ಸಿಕ್ಕ ರೇಷನ್ ಅಕ್ಕಿಯಲ್ಲಿ ಅರ್ಧ ಅಳೆದು ಕೊಟ್ಟಿದ್ದರಂತೆ. ಆ ಅಮ್ಮ ನಮ್ಮ ಸಭೆಯವರಲ್ಲ. ಯಾವ ಸಭೆಯವರೂ ಅಲ್ಲ.

ಈಗ ವಾಕ್ಯಕ್ಕೆ ಬರೋಣ. ವಿಮೋಚನಕಾಂಡ 12 ತೆಗೆಯಿರಿ.

1. ಮುಚ್ಚಿದ ಬಾಗಿಲು ಕೊನೆಯಲ್ಲಿ ಬರುತ್ತದೆ

ಪಸ್ಕದ ರಾತ್ರಿ ಐಗುಪ್ತದಲ್ಲಿ ಇಸ್ರಾಯೇಲ್ಯರಿಗೆ ಒಂದು ಲಾಕ್‌ಡೌನ್. 22ನೇ ವಚನ ನೋಡಿ, ಬೆಳಗಾಗುವ ತನಕ ಯಾರೂ ಬಾಗಿಲು ದಾಟಬಾರದು. 2020ರಲ್ಲಿ ನಾವೆಲ್ಲ ಈ ವಚನವನ್ನು ಹಿಡಿದುಕೊಂಡೆವು. ಆದರೆ ಇದು 22ನೇ ವಚನ. ಅದಕ್ಕೂ ಮುಂಚೆ 3 ಮತ್ತು 4 ಇವೆ, ಅವನ್ನು ನಾನು ಹಾರಿಸಿಬಿಟ್ಟೆ.

ಅಲ್ಲಿ ಏನಿದೆ? ಹತ್ತನೇ ದಿನ ಕುರಿಮರಿ ತೆಗೆದುಕೊಳ್ಳಬೇಕು. ಹದಿನಾಲ್ಕನೇ ದಿನದ ಸಂಜೆ ಕೊಯ್ಯಬೇಕು. ಅಂದರೆ ಬಾಗಿಲು ಮುಚ್ಚುವ ಮುಂಚೆ ಸಿದ್ಧತೆಗೆ ನಾಲ್ಕು ದಿನ. ಆ ಸಮಯದಲ್ಲಿ ಪ್ರತಿ ಮನೆಗೂ ಊಟ ಇದೆಯೇ ಅಂತ ನೋಡಬೇಕು. ಒಂದು ಕುರಿಮರಿಗೆ ಮನೆ ಚಿಕ್ಕದಾದರೆ ಪಕ್ಕದ ಮನೆಯವರ ಜೊತೆ ಸೇರಿಕೊಳ್ಳಬೇಕು. ಅಲ್ಲಿ ನೇರವಾಗಿ ಬಡತನದ ಮಾತಿಲ್ಲ, ತಲೆ ಲೆಕ್ಕದ ಮಾತಿದೆ. ಆದರೆ ಈ ಆಜ್ಞೆಯನ್ನು ಪಾಲಿಸಬೇಕಾದರೆ ನನಗೆ ಏನು ಗೊತ್ತಿರಬೇಕು ಹೇಳಿ. ಪಕ್ಕದ ಮನೆಯಲ್ಲಿ ಎಷ್ಟು ಜನ ಇದ್ದಾರೆ, ಯಾರು ಎಷ್ಟು ಉಣ್ಣುತ್ತಾರೆ, ಇದು ಗೊತ್ತಿರಬೇಕು. ಪಕ್ಕದ ಮನೆ ಗೊತ್ತಿಲ್ಲದವನು ಪಸ್ಕವನ್ನು ಸರಿಯಾಗಿ ಆಚರಿಸಲಾರ.

ಆ ಶೀಟ್ ಮನೆಯ ಅಮ್ಮ ವಿಮೋಚನಕಾಂಡ ಓದಿರಲಿಲ್ಲ, ಆದರೂ 4ನೇ ವಚನ ಮಾಡಿದರು. ನಾನು ಬೋಧಕ. 22ನೇ ವಚನ ಬೋಧಿಸಿ ಮಲಗಿದೆ.

2. ನಮಗೆ ನಂಬಿಕೆ ಅನ್ನಿಸಿದ್ದು ಸಂಬಳವಾಗಿತ್ತು

ಪ್ರಿವಿಲೇಜ್ ಅನ್ನೋ ಪದ ನೀವು ಆಫೀಸಿನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಕೇಳಿದ್ದೀರಿ. ನಾನು ಸುಲಭವಾಗಿ ಹೇಳುತ್ತೇನೆ. ಯಾವುದರ ಬಗ್ಗೆ ನಾವು ಯೋಚನೆಯೇ ಮಾಡಬೇಕಾಗಿಲ್ಲವೋ, ಅದು. ತಿಂಗಳ ಕೊನೆಗೆ ಅಕೌಂಟಿಗೆ ದುಡ್ಡು ಬೀಳುತ್ತೆ. ಮನೆಯೊಳಗೇ ನಲ್ಲಿ ಇದೆ. ಒಬ್ಬರಿಗೆ ಜ್ವರ ಬಂದರೆ ಬೇರೆ ರೂಮಿನಲ್ಲಿ ಮಲಗಿಸಬಹುದು. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 37 ಕುಟುಂಬಗಳು ಇದ್ದದ್ದು ಒಂದೇ ಕೋಣೆಯಲ್ಲಿ. ದೂರ ದೂರ ಇರಿ ಅಂದರೆ ಅವರು ಎಲ್ಲಿಗೆ ಹೋಗಬೇಕು?

ನನ್ನ ವಿಷಯವನ್ನೇ ತಗೊಳ್ಳಿ. ಸಭೆ ಮುಚ್ಚಿತ್ತು. ಆದರೆ ಕಾಣಿಕೆ ಗೂಗಲ್ ಪೇನಲ್ಲಿ ಬರುತ್ತಿತ್ತು, ನನ್ನ ಬಾಡಿಗೆ ನಿಲ್ಲಲಿಲ್ಲ. ಅದಕ್ಕೇ ಲಾಕ್‌ಡೌನ್ ಇನ್ನೂ ಮುಂದುವರಿಸಲಿ ಅಂತ ಆರಾಮವಾಗಿ ಹೇಳುತ್ತಿದ್ದೆ. ಮೇ 3ರ ತನಕ ಹೋಯಿತು, ಆಮೇಲೆ 17, ಆಮೇಲೆ 31. ಪ್ರತಿ ಸಲವೂ ಒಳ್ಳೆಯದೇ ಆಯಿತು ಅಂದೆ. ನನಗೆ ಸಮಾಧಾನ ಇತ್ತು. ಅದನ್ನು ದೇವರು ಕೊಟ್ಟ ಸಮಾಧಾನ ಅಂದುಕೊಂಡೆ. ಬಾಡಿಗೆ ಕಟ್ಟಿದ ಸಮಾಧಾನವೂ ಅದರಲ್ಲಿ ಸೇರಿತ್ತು ಅಂತ ಈಗ ಗೊತ್ತಾಗುತ್ತಿದೆ.

ಆಗ ಜನ ನಡೆಯಲು ಶುರು ಮಾಡಿದರು. ಟಿವಿ ನೋಡಿ ನಮ್ಮ ಮನೆಗಳಲ್ಲಿ ಬಂದ ಮಾತು ನೆನಪಿದೆಯಾ? "ಇವ್ರಿಗೆ ಬುದ್ಧಿ ಇಲ್ವಾ? ಇದ್ದಲ್ಲೇ ಇರೋಕೆ ಏನ್ ಕಷ್ಟ?" ಇದ್ದಲ್ಲಿ ಇರಬೇಕಾದರೆ ಇರಲು ಒಂದು ಜಾಗ ಬೇಕು. ಸೈಟಿನಲ್ಲಿ ಕೆಲಸ ನಿಂತರೆ ಕೂಲಿ ನಿಂತಿತು, ಮೇಸ್ತ್ರಿ ಫೋನ್ ಎತ್ತಲಿಲ್ಲ, ರೂಮಿನ ಓನರ್ ಬಾಡಿಗೆ ಕೇಳಿದ. ಅವರ ಲೆಕ್ಕದಲ್ಲಿ ನಡೆಯುವುದೇ ಬುದ್ಧಿವಂತಿಕೆ ಆಗಿತ್ತು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ, ಮಧ್ಯಪ್ರದೇಶದ ಊರುಗಳಿಗೆ ಹೊರಟಿದ್ದ 16 ಕೂಲಿಯವರು ರೈಲು ಹಳಿ ಮೇಲೆ ಮಲಗಿದ್ದಾಗ ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ಹಳಿಯ ಮೇಲೆ ರೊಟ್ಟಿ ಚೆಲ್ಲಿದ್ದ ಫೋಟೋ ನೀವೂ ನೋಡಿರುತ್ತೀರಿ.

ನಮ್ಮ ಊರಿನಲ್ಲಿ ಏನಾಯಿತು? ಮೇ ತಿಂಗಳ ಆರಂಭದಲ್ಲಿ ಬೆಂಗಳೂರಿನಿಂದ ಬಿಹಾರ, ಒಡಿಶಾ ಕಡೆಗೆ ಶ್ರಮಿಕ ರೈಲುಗಳು ಹೊರಟವು. ಮೇ 5ರಂದು ಬಿಲ್ಡರ್‌ಗಳ ಜೊತೆ ಮಾತುಕತೆ ಆದ ಮೇಲೆ, ರೈಲು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಕೆಲಸ ಶುರುವಾಗುತ್ತೆ, ಕೂಲಿಯವರು ಇಲ್ಲೇ ಇರಲಿ ಅಂತ. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ರೈಲು ಮತ್ತೆ ಬಿಟ್ಟರು. ಗಮನಿಸಿ. ಏಪ್ರಿಲ್‌ನಲ್ಲಿ ಹೊರಗೆ ಬರಬೇಡಿ ಅಂದಿದ್ದ ನಗರವೇ ಮೇ ತಿಂಗಳಲ್ಲಿ ಕೆಲಸಕ್ಕೆ ಬನ್ನಿ, ಊರಿಗೆ ಹೋಗಬೇಡಿ ಅಂದಿತು. ಎರಡು ಸಲವೂ ಮಾತಾಡಿದ್ದು ನಗರದ ಅನುಕೂಲ. ನಿಮಗೇನು ಬೇಕು ಅಂತ ಆ ಕೂಲಿಯವನನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ಪ್ರಿಯರೇ, ಮುಚ್ಚಿ ಅನ್ನುವವರೆಲ್ಲ ಒಳ್ಳೆಯವರು, ತೆರೆಯಿರಿ ಅನ್ನುವವರೆಲ್ಲ ಕೆಟ್ಟವರು ಅಂತಲ್ಲ. ಮುಚ್ಚಿ ಅಂದವನೂ ತನ್ನ ಅಡುಗೆಮನೆಯಲ್ಲಿ ನಿಂತು ಹೇಳಿರಬಹುದು, ತೆರೆಯಿರಿ ಅಂದವನೂ ತನ್ನ ಲಾಭದ ಮೇಲೆ ನಿಂತು ಹೇಳಿರಬಹುದು. ಮಾತಾಡುವ ಮುಂಚೆ ನನ್ನ ಕಾಲು ಎಲ್ಲಿದೆ ಅಂತ ನಾನು ನೋಡಿಕೊಳ್ಳಬೇಕು.

ಧರ್ಮೋಪದೇಶಕಾಂಡ 24ಕ್ಕೆ ಹೋಗೋಣ. ಕೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯ ಮುಳುಗುವ ಮುಂಚೆ ಕೊಡಬೇಕು. ಯಾಕೆ? ಅವನು ಬಡವ, ಅವನ ಮನಸ್ಸೆಲ್ಲ ಅದರ ಮೇಲೇ ಇರುತ್ತದೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಅದು ನಿಮಗೆ ಪಾಪವಾಗುತ್ತದೆ. ನಮಗೆ ಸಂಬಳ ತಿಂಗಳಿಗೊಂದು ಸಲ. ಅವನಿಗೆ ಪ್ರತಿ ಸಂಜೆಯೂ ತಿಂಗಳ ಕೊನೆ. 21 ದಿನ ಅಂದರೆ ನಮಗೆ ಮೂರು ವಾರ, ಅವನಿಗೆ 21 ಸಲ ಸಂಬಳ ತಪ್ಪಿದ ಹಾಗೆ.

ನಮ್ಮ ಸಹೋದರಿ ಕೆಲಸ ಮಾಡುತ್ತಿದ್ದ ನಾಲ್ಕು ಮನೆಗಳಲ್ಲಿ ಎರಡು ಮನೆಯವರು ಕೆಲಸ ಇಲ್ಲದಿದ್ದರೂ ಪೂರ್ತಿ ಸಂಬಳ ಕೊಟ್ಟರು. ಒಂದು ಮನೆಯವರು ಅರ್ಧ. ನಾಲ್ಕನೆಯವರು, "ನೀನು ಬಂದಿಲ್ವಲ್ಲಮ್ಮ, ಹೇಗೆ ಕೊಡೋದು?" ಅಂದರು. ಆಕೆಯನ್ನು ಗೇಟಿನಲ್ಲೇ ತಡೆದಿದ್ದರು, ಬರುವುದು ಹೇಗೆ? ಆ ನಾಲ್ಕನೆಯದು ಪ್ರತಿದಿನ ಸಂಜೆ ಕುಟುಂಬ ಪ್ರಾರ್ಥನೆ ನಡೆಯುವ ಮನೆ. ಇದನ್ನು ಹೇಳಲು ನನಗೆ ನಾಚಿಕೆ ಆಗುತ್ತದೆ. ಆದರೂ ಹೇಳಲೇಬೇಕು.

3. ಒಬ್ಬರಿಗಾಗಿ ಒಬ್ಬರು ಕಾಯುವುದು

ಜೂನ್ 8ರಿಂದ ನಮ್ಮ ರಾಜ್ಯದಲ್ಲಿ ಆರಾಧನಾ ಸ್ಥಳಗಳು ತೆರೆದವು. ನಾವು ಮತ್ತೆ ಸೇರಿದ ಮೊದಲ ಭಾನುವಾರ ಸಾಕ್ಷಿಯ ಸಮಯ ಇಟ್ಟೆ. ಐಟಿಯಲ್ಲಿರುವ ಒಬ್ಬ ಸಹೋದರ ಎದ್ದು, ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತು, ಹಣ ಉಳಿಯಿತು, ಲಾಕ್‌ಡೌನ್ ನಮಗೆ ಆಶೀರ್ವಾದ ಆಯಿತು ಅಂದ. ಚಪ್ಪಾಳೆ, ಹಲ್ಲೆಲೂಯಾ. ಅವನು ಸುಳ್ಳು ಹೇಳಲಿಲ್ಲ, ಅವನ ಕೃತಜ್ಞತೆ ನಿಜ. ಆಮೇಲೆ ನಾನು ಹಿಂದಿನ ಸಾಲಿನಲ್ಲಿದ್ದ ಆ ಸಹೋದರಿಯನ್ನು ಕರೆದೆ: "ನಿಮ್ಮ ಸಾಕ್ಷಿ ಇದೆಯಾಮ್ಮಾ?" ಆಕೆ ಎದ್ದು ನಿಂತರು. "ಬದುಕಿದ್ದೀವಿ. ಸ್ತೋತ್ರ" ಅಂದು ಕುಳಿತುಬಿಟ್ಟರು. ಚಪ್ಪಾಳೆ ಬರಲಿಲ್ಲ. ಕೂಟ ಮುಗಿದ ಮೇಲೆ ಹೋಗಿ ಮಾತಾಡಿಸಿದೆ. ಅಕ್ಕಿಯ ವಿಷಯ ಆವತ್ತೇ ನನಗೆ ಗೊತ್ತಾದದ್ದು.

ಕೊರಿಂಥ ಸಭೆಯಲ್ಲೂ ಇದೇ ಆಗಿತ್ತು. ಕರ್ತನ ಭೋಜನಕ್ಕೆ ಸೇರಿದಾಗ ಕೆಲವರು ಮೊದಲೇ ತಿಂದು ಮುಗಿಸುತ್ತಿದ್ದರು. ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿದ್ದ. ಬಿಡುವಿದ್ದವರು ಬೇಗ ಬರುತ್ತಿದ್ದರು, ದಾಸರು ಮತ್ತು ಕೂಲಿಯವರು ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದರು ಅಂತ ಅನೇಕ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಇಲ್ಲದವರಿಗೆ ಅವಮಾನ ಮಾಡುತ್ತಿದ್ದೀರಾ ಅಂತ ಪೌಲನು ಕಠಿಣವಾಗಿ ಕೇಳುತ್ತಾನೆ. ಕೊನೆಗೆ ಅವನು ಕೊಡುವ ಪರಿಹಾರ ಎಷ್ಟು ಚಿಕ್ಕದು ನೋಡಿ, ಒಬ್ಬರಿಗಾಗಿ ಒಬ್ಬರು ಕಾಯಿರಿ. ಊಟಕ್ಕೆ ಕಾಯಿರಿ. ಸಾಕ್ಷಿಗೂ ಕಾಯಿರಿ. "ಲಾಕ್‌ಡೌನ್ ಆಶೀರ್ವಾದ" ಅಂತ ಸಭೆಯ ಪರವಾಗಿ ಹೇಳುವ ಮುಂಚೆ ಹಿಂದಿನ ಸಾಲು ಬಂದು ಮುಟ್ಟಲಿ.

ಈ ವಾರದ ಅಭ್ಯಾಸ

ಒಂದು. ನಿಮ್ಮ ಮನೆಗೆ, ಗೇಟಿಗೆ ಬರುವ ಕೈಗಳನ್ನು ಬರೆದುಕೊಳ್ಳಿ. ಮನೆಕೆಲಸದ ಅಕ್ಕ, ಸೆಕ್ಯುರಿಟಿ ಅಣ್ಣ, ಕಸ ತೆಗೆಯುವವರು, ಡೆಲಿವರಿ ಹುಡುಗ. ಅವರಲ್ಲಿ ಒಬ್ಬರನ್ನು ಕೇಳಿ: "ಲಾಕ್‌ಡೌನ್ ಟೈಮಲ್ಲಿ ನೀವು ಎಲ್ಲಿದ್ರಿ, ಹೇಗಿದ್ರಿ?" ಅವರಿಗೆ ಹೇಳಲು ಇಷ್ಟವಿದ್ದರೆ ಸುಮ್ಮನೆ ಕೇಳಿಸಿಕೊಳ್ಳಿ. ಬೋಧನೆ ಬೇಡ.

ಎರಡು. ಯಾರಿಗಾದರೂ ಕೂಲಿ, ಸಂಬಳ ಬಾಕಿ ಇದ್ದರೆ ಈ ವಾರ ಕೊಟ್ಟುಬಿಡಿ. 2020ರ ಬಾಕಿಯಾದರೂ ಸರಿ. ಮನೆಯ ಲೆಕ್ಕ ಅಪ್ಪ ಅಮ್ಮನ ಕೈಯಲ್ಲಿದ್ದರೆ ಅವರ ಜೊತೆ ಕೂತು ಮಾತಾಡಿ.

ಮೂರು. ಸೆಲ್ ಗುಂಪಿನಲ್ಲಿ ಚರ್ಚೆ ಮಾಡಿ: ನಾಳೆ ಮತ್ತೆ ನಾಲ್ಕು ಗಂಟೆಯಲ್ಲಿ ಎಲ್ಲ ಮುಚ್ಚಿದರೆ, ನಮ್ಮ ಗುಂಪಿನಲ್ಲಿ ಯಾರ ಮನೆಯ ಅಕ್ಕಿ ಮೊದಲು ಮುಗಿಯುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ನಮಗೆ ಇನ್ನೂ ಪಕ್ಕದ ಮನೆ ಗೊತ್ತಿಲ್ಲ.

ಆ ಸಹೋದರಿ ಈಗಲೂ ನಮ್ಮ ಸಭೆಯಲ್ಲಿದ್ದಾರೆ. ಈ ಪಾಠ ಕೊಡಲಾ ಅಂತ ಹೋದ ವಾರ ಅವರನ್ನು ಕೇಳಿದೆ. "ಹೇಳಿ ಪಾಸ್ಟ್ರೇ, ಆದ್ರೆ ಪಕ್ಕದ್ಮನೆ ಅಮ್ಮನ ವಿಷ್ಯ ಬಿಡ್ಬೇಡಿ" ಅಂದರು. ಬಿಟ್ಟಿಲ್ಲ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಕರ್ತನೇ, ನಮ್ಮ ಬಾಗಿಲು ನಮ್ಮನ್ನು ಕಾಪಾಡಿತು, ನಿನಗೆ ಸ್ತೋತ್ರ. ಅದರ ಆಚೆ ಯಾರಿದ್ದರು ಅಂತ ನಾವು ನೋಡಲಿಲ್ಲ, ಕ್ಷಮಿಸು. ಮುಂದಿನ ಸಲ ಮುಚ್ಚುವ ಮುಂಚೆ ಪಕ್ಕದ ಮನೆ ನೆನಪು ಮಾಡು. ಯೇಸುವಿನ ನಾಮದಲ್ಲಿ, ಆಮೆನ್.