ಲೆನ್ಸನ್ನು ದೂರುವ ಮೊದಲು

ತಮ್ಮಾ, ಹೊಸ ಲೆನ್ಸ್ ತಂದಿದ್ದೀಯ, ಸಂತೋಷ. ಆದರೆ ನಾಲ್ಕು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ, ‘ಶಾರ್ಪೇ ಇಲ್ಲ’ ಅಂತ ಮುಖ ಸಣ್ಣ ಮಾಡಿಕೊಂಡಿದ್ದೀಯ. ಚಿತ್ರ ಮಂಕಾದರೆ ಕ್ಯಾಮೆರಾ ಅಲುಗಿರಬಹುದು, ಫೋಕಸ್ ತಪ್ಪಿರಬಹುದು, ಇಲ್ಲವೇ ಗಾಜಿನಲ್ಲೇ ದೋಷವಿರಬಹುದು. ಮೂರನ್ನೂ ಒಟ್ಟಿಗೆ ಹಿಡಿಯಲು ಹೋದರೆ ಕಳ್ಳ ಸಿಗುವುದಿಲ್ಲ. ಒಂದೊಂದಾಗಿ ನೋಡುತ್ತ ಬಾ.

ಮೊದಲು ಅಲುಗಾಟ. ಗಟ್ಟಿಯಾದ ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸು. ಬೆರಳಿನಿಂದ ಒತ್ತಬೇಡ, 2 ಸೆಕೆಂಡಿನ ಟೈಮರ್ ಹಾಕು. ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡು, ಫಿಲ್ಟರ್ ಬಿಚ್ಚಿಡು. ಒಳ್ಳೆಯ ಬೆಳಕಿರಲಿ, ಐಎಸ್‌ಒ 100 ಇರಲಿ.

ಆಮೇಲೆ ಫೋಕಸ್. ದಪ್ಪ ಅಕ್ಷರದ ಪುಸ್ತಕವೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸು. ಪಕ್ಕದಲ್ಲೇ ಅಡಿಕೋಲನ್ನು ಓರೆಯಾಗಿಡು, ಅದರ ನಡುಗೆರೆ ಪುಸ್ತಕದ ರಕ್ಷಾಪುಟದ ನೇರಕ್ಕಿರಲಿ. 50 ಎಂಎಂ ಲೆನ್ಸಾದರೆ ಒಂದೂವರೆ, ಎರಡು ಮೀಟರ್ ದೂರ ಸಾಕು. ಅಪರ್ಚರ್ ಪೂರ್ತಿ ತೆರೆ. ಫೋಕಸ್ ಮಾಡುವುದು ಪುಸ್ತಕಕ್ಕೆ, ಓರೆ ಅಡಿಕೋಲಿಗಲ್ಲ. ಪ್ರತಿ ಸಲವೂ ರಿಂಗ್ ತಿರುಗಿಸಿ ಫೋಕಸ್ ಕೆಡಿಸಿ, ಹೊಸದಾಗಿ ಫೋಕಸ್ ಮಾಡಿಸಿ ಎಂಟು ಹತ್ತು ಚಿತ್ರ ತೆಗೆ. ಕೊನೆಗೆ ಲೈವ್ ವ್ಯೂನಲ್ಲಿ ಹಿಗ್ಗಿಸಿಕೊಂಡು ಕೈಯಿಂದಲೇ ಫೋಕಸ್ ಮಾಡಿದ ಒಂದು ಚಿತ್ರವೂ ಇರಲಿ.

ಕೈಫೋಕಸ್ ಚಿತ್ರ ಸ್ಪಷ್ಟವಾಗಿದ್ದು ಉಳಿದವು ಮಂಕಾಗಿದ್ದರೆ ಗಾಜಿನ ತಪ್ಪಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ನೋಡುವಾಗ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿರುವ ಬೇರೆಯೇ ಸೆನ್ಸರ್. ಅದಕ್ಕೂ ಚಿತ್ರ ಮೂಡುವ ಸೆನ್ಸರಿಗೂ ತಾಳೆ ತಪ್ಪಿದರೆ ಫೋಕಸ್ ಸದಾ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಅಡಿಕೋಲಿನಲ್ಲಿ ಸ್ಪಷ್ಟವಾಗಿ ಕಾಣುವ ಗೆರೆ ಎಲ್ಲ ಚಿತ್ರಗಳಲ್ಲೂ ನಡುಗೆರೆಯಿಂದ ಒಂದೇ ಕಡೆ ಸರಿದಿದ್ದರೆ ಕ್ಯಾಮೆರಾದ ಮೆನುವಿನಲ್ಲಿ ಫೈನ್ ಟ್ಯೂನ್ ಇದೆಯೇ ನೋಡಿ ಸರಿಮಾಡಿಕೋ, ಇಲ್ಲದಿದ್ದರೆ ಸರ್ವಿಸ್ ಸೆಂಟರಿಗೆ ಕೊಡು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದಿದ್ದರೆ ಯಾವ ಟ್ಯೂನಿಂಗೂ ಉಪಯೋಗಕ್ಕೆ ಬಾರದು. ಮಿರರ್‌ಲೆಸ್‌ನಲ್ಲಿ ಚಿತ್ರದ ಸೆನ್ಸರೇ ಫೋಕಸ್ ಅಳೆಯುವುದರಿಂದ ಈ ತಾಪತ್ರಯ ಅಪರೂಪ.

ಕೊನೆಗೆ ಗಾಜು. ಕನ್ನಡ ಪತ್ರಿಕೆಯ ಪುಟಗಳನ್ನು ಗೋಡೆಗೆ ಸಪಾಟಾಗಿ ಅಂಟಿಸು. ಸಣ್ಣ ಜಾಹೀರಾತುಗಳ ಪುಟವೇ ಇರಲಿ, ಅಲ್ಲಿನ ಒತ್ತಕ್ಷರಗಳಿಗಿಂತ ಕಠಿಣ ಪರೀಕ್ಷಕರಿಲ್ಲ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿರಲಿ. ಪೂರ್ತಿ ತೆರೆದ ಅಪರ್ಚರಿನಿಂದ ಶುರುಮಾಡಿ ಎಫ್ 4, 5.6, 8, 16ರವರೆಗೆ ತೆಗೆ. ಪೂರ್ತಿ ತೆರೆದಾಗ ಮೂಲೆಗಳು ಮೆತ್ತಗಾಗುವುದು ಸಹಜ, ಎಫ್ 8ರ ಹೊತ್ತಿಗೆ ಬಿಗಿಯಾಗುತ್ತವೆ. 16ರಲ್ಲಿ ಮತ್ತೆ ಮಂಕಾದರೆ ಅದು ಬೆಳಕಿನ ವಿವರ್ತನೆ, ಲೆನ್ಸಿನ ದೋಷವಲ್ಲ.

ನೋಡಬೇಕಾದ್ದು ನಾಲ್ಕೂ ಮೂಲೆ ಒಂದೇ ಸಮ ಇವೆಯೇ ಎಂದು. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆ. ಮಸುಕು ಗೋಡೆಯ ಅದೇ ಜಾಗದಲ್ಲಿ ಉಳಿದರೆ ನೀನು ಜೋಡಿಸಿದ್ದು ಓರೆ. ಕ್ಯಾಮೆರಾದ ಜೊತೆ ತಿರುಗಿದರೆ ಒಳಗಿನ ಗಾಜು ಕೇಂದ್ರ ತಪ್ಪಿದೆ. ಅಂಥದ್ದನ್ನು ಇಟ್ಟುಕೊಳ್ಳಬೇಡ.

ಉದ್ದದ ಟೆಲಿ ಲೆನ್ಸನ್ನು ಮಾತ್ರ ಬಿರುಬಿಸಿಲಲ್ಲಿ ಅಳೆಯಬೇಡ. ನೆಲದಿಂದೇಳುವ ಬಿಸಿಗಾಳಿಗೆ ದೂರದ ವಸ್ತುಗಳೆಲ್ಲ ನಡುಗುತ್ತವೆ. ಬೆಳಗಿನ ತಂಪಿನಲ್ಲಿ ನೋಡು.

ಇದಕ್ಕೆ ಅರ್ಧ ದಿನ ಸಾಕು, ಅಂಗಡಿಯವನು ಕೊಟ್ಟ ಬದಲಾವಣೆಯ ಗಡುವಿನೊಳಗೇ ಮುಗಿಸು. ಲೆನ್ಸ್ ಪಾಸಾಯಿತೋ, ಮತ್ತೆ ಗೋಡೆಯ ಮುಂದೆ ನಿಲ್ಲಬೇಡ. ಹೊರಗೆ ಹೋಗಿ ಚಿತ್ರ ತೆಗೆ.