ಶಾಲೆಯ ನೆಟ್‌ವರ್ಕ್ ಸುಧಾರಣೆ: ಮೊದಲು ತಪಾಸಣೆ, ಆಮೇಲೆ ಬೇಡಿಕೆ

ನೆಲಮಂಗಲ ತಾಲ್ಲೂಕಿನ ಶಾಲೆಗಳಿಗೆ ಒಂದು ಅನುಕೂಲವಿದೆ. ಸೋಂಪುರ ಹೋಬಳಿಯ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶ ಹತ್ತಿರದಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಈ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಇದೆ.

ಆದರೆ ‘ನಮ್ಮ ಶಾಲೆಗೆ 20 ಕಂಪ್ಯೂಟರ್, ವೈಫೈ ಕೊಡಿಸಿ’ ಎಂಬ ಒಂದು ಪುಟದ ಮನವಿ ದೂರ ಸಾಗುವುದಿಲ್ಲ. 20 ಯಾಕೆ? ಹಿಂದೆ ಬಂದ ಕಂಪ್ಯೂಟರ್‌ಗಳು ಏನಾದವು? ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ? ಓದಿದವರಿಗೆ ಮೊದಲು ಹೊಳೆಯುವುದೇ ಈ ಪ್ರಶ್ನೆಗಳು. ಅವುಗಳಿಗೆ ಉತ್ತರ ಕೊಡುವುದು ನೆಟ್‌ವರ್ಕ್ ತಪಾಸಣೆ. ಸರ್ಕಾರಿ, ಅನುದಾನಿತ, ಖಾಸಗಿ ಯಾವ ಶಾಲೆಯಾದರೂ ಕ್ರಮ ಇದೇ. ಹೊರಗಿನ ತಜ್ಞರಿಲ್ಲದೆ ಶಾಲೆಯವರೇ ಇದರ ಬಹುಪಾಲನ್ನು ಮಾಡಿಕೊಳ್ಳಬಹುದು.

ಹಂತ 1: ನಿರ್ಣಯ ಮತ್ತು ತಂಡ

ಮೊದಲು ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಯಲ್ಲಿ, ತಪಾಸಣೆಗೆ ಒಪ್ಪಿಗೆ ಪಡೆದು ನಡಾವಳಿಯಲ್ಲಿ ಬರೆಸಿ. ಮುಂದೆ ಬಿಇಒ ಕಚೇರಿಗಾಗಲಿ, ದಾನಿಗಳಿಗಾಗಲಿ ಕಡತ ಹೋದಾಗ ಈ ನಿರ್ಣಯವೇ ಮೊದಲ ಆಧಾರ. ಮುಖ್ಯ ಶಿಕ್ಷಕರು, ಕಂಪ್ಯೂಟರ್ ಅಥವಾ ವಿಜ್ಞಾನ ಶಿಕ್ಷಕರೊಬ್ಬರು, ಕಚೇರಿ ಗುಮಾಸ್ತರು ಮತ್ತು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ತಂಡದಲ್ಲಿರಲಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಗಳಿದ್ದರೆ ಒಂದು ಶನಿವಾರ ಕರೆಸಿಕೊಳ್ಳಿ.

ಹಂತ 2: ಇರುವುದನ್ನು ಎಣಿಸಿ

ದಾಸ್ತಾನು ವಹಿ ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ. ವಹಿಯಲ್ಲಿರುವುದಕ್ಕೂ ಮೇಜಿನ ಮೇಲಿರುವುದಕ್ಕೂ ವ್ಯತ್ಯಾಸವಿದ್ದರೆ ಹಾಗೆಯೇ ಬರೆಯಿರಿ. ಪ್ರತಿ ಕಂಪ್ಯೂಟರ್‌ಗೂ ಒಂದು ಸಂಖ್ಯೆ ಅಂಟಿಸಿ, ಅದರ ಮುಂದೆ ಪ್ರೊಸೆಸರ್, ರ‍್ಯಾಮ್, ಹಾರ್ಡ್ ಡಿಸ್ಕ್, ಆಪರೇಟಿಂಗ್ ಸಿಸ್ಟಂ, ಬಂದ ವರ್ಷ, ಕೊಟ್ಟವರು, ಈಗಿನ ಸ್ಥಿತಿ ದಾಖಲಿಸಿ. ಯಾವ ಯೋಜನೆಯಲ್ಲಿ ಬಂದ ಸಾಮಗ್ರಿ ಎಂಬುದೂ ಮುಖ್ಯ. 2001ರ ಮಾಹಿತಿ ಸಿಂಧು, ಆನಂತರದ ಐಸಿಟಿ ಯೋಜನೆ, ದಾನಿಗಳ ಕೊಡುಗೆ ಹೀಗೆ ಬೇರೆ ಬೇರೆ ಕಾಲದ ಯಂತ್ರಗಳು ಒಂದೇ ಕೋಣೆಯಲ್ಲಿ ಕೂಡಿಕೊಂಡಿರಬಹುದು. ಅವುಗಳ ವಿಲೇವಾರಿ ನಿಯಮ ಒಂದೇ ಅಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಕೂರುವುದಿಲ್ಲ. ಹಾಗೆಂದು ಅವೆಲ್ಲ ಗುಜರಿಗೆ ಹೋಗಬೇಕಿಲ್ಲ. ರ‍್ಯಾಮ್ 8 ಜಿಬಿಗೆ ಏರಿಸಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ ಉಬುಂಟು ಅನುಸ್ಥಾಪಿಸಿದರೆ ಎಷ್ಟೋ ಯಂತ್ರಗಳು ಮಕ್ಕಳ ಕಲಿಕೆಗೆ ಇನ್ನೂ ಕೆಲವು ವರ್ಷ ಸಾಕಾಗುತ್ತವೆ. ಕಚೇರಿಯ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಆತುರ ಬೇಡ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ತೆರೆದು ಓದಿ ನೋಡಿದ ಮೇಲೆ ಬದಲಾಯಿಸಿ.

ಇನ್ನು ರೂಟರ್, ಸ್ವಿಚ್, ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಸ್ಮಾರ್ಟ್ ಬೋರ್ಡ್. ಇವುಗಳ ಮಾದರಿ ಸಂಖ್ಯೆ, ಎಷ್ಟು ಪೋರ್ಟ್, ಎಷ್ಟು ಖಾಲಿ ಎಂಬುದನ್ನು ಬರೆಯಿರಿ. ಕೊನೆಗೆ ಶಾಲೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬಿಡಿಸಿ, ಇಂಟರ್ನೆಟ್ ಎಲ್ಲಿಂದ ಒಳಬರುತ್ತದೆ, ಕೇಬಲ್ ಯಾವ ಗೋಡೆ ದಾಟುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸಿ.

ಹಂತ 3: ಕೇಬಲ್, ಅರ್ತಿಂಗ್, ಯುಪಿಎಸ್

ಶಾಲಾ ಲ್ಯಾಬ್‌ನ ತೊಂದರೆಗಳ ಬೇರು ಬಹಳ ಸಲ ಇಲ್ಲಿರುತ್ತದೆ. ಕೇಬಲ್‌ನ ಮೈಮೇಲಿನ ಅಚ್ಚು ಓದಿ: ಕ್ಯಾಟ್-5, ಕ್ಯಾಟ್-5ಇ, ಕ್ಯಾಟ್-6 ಯಾವುದು ಎಂದು ಬರೆದಿರುತ್ತದೆ. ತುದಿಯಲ್ಲಿ ಅರ್ಧ ಇಂಚು ಕತ್ತರಿಸಿ, ಒಳಗಿನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ಅಪ್ಪಟ ತಾಮ್ರ. ಮೇಲಿನ ಕೆಂಪು ಕಿತ್ತು ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅಂಥ ಕೇಬಲ್ ಬೇಗ ಮುರಿಯುತ್ತದೆ, ಕೇಬಲ್ ಮೂಲಕವೇ ವಿದ್ಯುತ್ ಪಡೆಯುವ ಕ್ಯಾಮೆರಾ ಮತ್ತು ವೈಫೈ ಉಪಕರಣಗಳಿಗೆ ಕಟ್ಟಿದರೆ ಬಿಸಿಯಾಗುತ್ತದೆ. ಪ್ರಸ್ತಾವನೆಯಲ್ಲಿ ‘ಪೂರ್ಣ ತಾಮ್ರದ ಕ್ಯಾಟ್-6’ ಎಂದೇ ಬರೆಯಬೇಕು.

ತಾಮ್ರದ ಕೇಬಲ್‌ನ ಮಿತಿ 100 ಮೀಟರ್. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಮುಂಗಾರುಪೂರ್ವ ಮಳೆಯ ಸಿಡಿಲಿಗೆ ಅದರ ಎರಡೂ ತುದಿಯ ಸ್ವಿಚ್‌ಗಳು ಒಟ್ಟಿಗೆ ಸುಡಬಹುದು. ಅಲ್ಲಿ ಬೇಕಾಗಿರುವುದು ಲೋಹದ ತಂತಿಯಿಲ್ಲದ ಆಪ್ಟಿಕಲ್ ಫೈಬರ್.

ಪ್ರತಿ ಕಂಪ್ಯೂಟರ್‌ನಲ್ಲಿ ನೆಟ್‌ವರ್ಕ್ ಸೆಟಿಂಗ್ಸ್ ತೆರೆದು ಲಿಂಕ್ ವೇಗ ನೋಡಿ. ಗಿಗಾಬಿಟ್ ಸ್ವಿಚ್ ಮತ್ತು ಗಿಗಾಬಿಟ್ ಕಾರ್ಡ್ ಇದ್ದೂ 100 ಎಂಬಿಪಿಎಸ್ ಎಂದು ತೋರಿಸಿದರೆ ಎಂಟು ತಂತಿಗಳಲ್ಲಿ ಯಾವುದೋ ಸರಿಯಾಗಿ ಕೂತಿಲ್ಲ. ಹೊಸ ಕಂಪ್ಯೂಟರ್ ಕೇಳುವ ಮೊದಲು ಕನೆಕ್ಟರ್ ಬದಲಿಸಿ ನೋಡಿ.

ಅರ್ತಿಂಗ್ ಪರೀಕ್ಷೆ ಎಲೆಕ್ಟ್ರಿಷಿಯನ್ ಕೆಲಸ. ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಸಾಮಾನ್ಯವಾಗಿ 2–3 ವೋಲ್ಟ್ ಮೀರಬಾರದು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಮಕ್ಕಳು ಹೇಳಿದರೆ ಆ ಲ್ಯಾಬ್ ಅನ್ನು ಅಂದೇ ಮುಚ್ಚಿ ಸರಿಪಡಿಸಿ. ಇದು ಪ್ರಸ್ತಾವನೆಗೆ ಕಾಯುವ ಕೆಲಸವಲ್ಲ.

ಯುಪಿಎಸ್ ಲೆಕ್ಕ ಹೀಗೆ: ಮಾನಿಟರ್ ಸೇರಿ ಒಂದು ಡೆಸ್ಕ್‌ಟಾಪ್‌ಗೆ 120 ವಾಟ್ ಎಂದುಕೊಂಡರೆ 20 ಯಂತ್ರಗಳಿಗೆ 2400 ವಾಟ್. ಪವರ್ ಫ್ಯಾಕ್ಟರ್ 0.8 ಇರುವ 3 ಕೆವಿಎ ಯುಪಿಎಸ್ ಕೊಡುವುದೂ ಸರಿಯಾಗಿ 2400 ವಾಟ್. ಚೂರೂ ಉಳಿಯುವುದಿಲ್ಲ, ಆದ್ದರಿಂದ 5 ಕೆವಿಎ ಬೇಕು. ಬೆಸ್ಕಾಂ ವಿದ್ಯುತ್ ಯಾವ ಹೊತ್ತಿಗೆ ಹೋಯಿತು, ಎಷ್ಟು ಹೊತ್ತು ಹೋಯಿತು ಎಂದು ಎರಡು ವಾರ ಬರೆದಿಟ್ಟರೆ ಬ್ಯಾಟರಿ ಎಷ್ಟಿರಬೇಕು ಎಂಬುದಕ್ಕೂ ಆಧಾರ ಸಿಗುತ್ತದೆ.

ಹಂತ 4: ವೇಗವನ್ನು ಪಾಠದ ಹೊತ್ತಿನಲ್ಲಿ ಅಳೆಯಿರಿ

ಖಾಲಿ ಲ್ಯಾಬ್‌ನಲ್ಲಿ ಒಂದೇ ಕಂಪ್ಯೂಟರ್‌ನಿಂದ ನೋಡಿದ ವೇಗ ಉಪಯೋಗಕ್ಕೆ ಬರುವುದಿಲ್ಲ. ಐದು ಕೆಲಸದ ದಿನ, ದಿನಕ್ಕೆ ಮೂರು ಸಲ ಅಳೆಯಿರಿ: ಬೆಳಗಿನ ಪ್ರಾರ್ಥನೆಗೆ ಮೊದಲು, ಲ್ಯಾಬ್ ಅವಧಿಯಲ್ಲಿ ಎಲ್ಲ ಕಂಪ್ಯೂಟರ್‌ಗಳೂ ವಿಡಿಯೊ ನೋಡುತ್ತಿರುವಾಗ, ಮತ್ತು ಕಚೇರಿಯಲ್ಲಿ ಎಸ್‌ಎಟಿಎಸ್ ಅಥವಾ ಯುಡೈಸ್ ಮಾಹಿತಿ ತುಂಬುವ ಹೊತ್ತಿನಲ್ಲಿ. ಡೌನ್‌ಲೋಡ್ ಜೊತೆ ಅಪ್‌ಲೋಡ್ ಅನ್ನೂ ಬರೆಯಿರಿ.

ದೋಷ ಒಳಗಿದೆಯೋ ಹೊರಗಿದೆಯೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ನಿಮ್ಮ ರೂಟರ್ ವಿಳಾಸಕ್ಕೆ, ಆಮೇಲೆ ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಮಾಡಿ. ರೂಟರ್‌ನಿಂದಲೇ ಉತ್ತರ ತಡವಾದರೆ ಅಥವಾ ತಪ್ಪಿಹೋದರೆ ಸಮಸ್ಯೆ ನಿಮ್ಮ ಕೇಬಲ್, ಸ್ವಿಚ್ ಅಥವಾ ವೈಫೈಯದು. ರೂಟರ್ ತಕ್ಷಣ ಉತ್ತರಿಸಿ ಹೊರಗಿನದು ಮಾತ್ರ ತಡವಾದರೆ ಸಂಪರ್ಕ ಸಾಲದಾಗಿದೆ ಅಥವಾ ಸೇವೆ ಕೊಡುವವರ ಕಡೆ ತೊಂದರೆ ಇದೆ. ಈ ವ್ಯತ್ಯಾಸ ತಿಳಿಯದೆ ಪ್ಲಾನ್ ಏರಿಸಿದರೆ ತಿಂಗಳ ಬಿಲ್ ಏರುತ್ತದೆ, ಲ್ಯಾಬ್ ಮೊದಲಿನಂತೆಯೇ ಇರುತ್ತದೆ.

ವೈಫೈಗೆ ಮೊಬೈಲ್‌ನಲ್ಲೇ ಸಿಗ್ನಲ್ ಅಳೆಯುವ ಆ್ಯಪ್ ಸಾಕು. ಪ್ರತಿ ತರಗತಿಯ ಹಿಂದಿನ ಬೆಂಚಿನಲ್ಲಿ ನಿಂತು ನೋಡಿ; -67 ಡಿಬಿಎಂ ಅಥವಾ ಅದಕ್ಕಿಂತ ಬಲವಾಗಿದ್ದರೆ ವಿಡಿಯೊ ಪಾಠಕ್ಕೆ ತೊಂದರೆಯಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳು ಮಾತ್ರ ಒಂದರ ಮೇಲೊಂದು ಬೀಳದವು. ಹಳೆಯ ಕಲ್ಲುಗೋಡೆಯ ಕಟ್ಟಡವಾದರೆ ಕೋಣೆಗೊಂದು ಆ್ಯಕ್ಸೆಸ್ ಪಾಯಿಂಟ್ ಬೇಕಾಗಬಹುದು.

ಹಂತ 5: ಮಕ್ಕಳ ಮಾಹಿತಿಯ ಸುರಕ್ಷತೆ

ರೂಟರ್ ಮತ್ತು ಸಿಸಿಟಿವಿ ರೆಕಾರ್ಡರ್‌ಗಳ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದೆಯೇ ನೋಡಿ. ಇದ್ದರೆ ಅಂದೇ ಬದಲಿಸಿ. ಕಚೇರಿ ಕಂಪ್ಯೂಟರ್‌ನಲ್ಲಿ ಆಧಾರ್ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ವಿವರಗಳಿರುತ್ತವೆ. ಲ್ಯಾಬ್ ಮತ್ತು ಕಚೇರಿ ಒಂದೇ ನೆಟ್‌ವರ್ಕ್‌ನಲ್ಲಿದ್ದು, ಹಂಚಿಕೆ ಮಾಡಿದ ಫೋಲ್ಡರ್‌ಗೆ ಬೀಗವಿಲ್ಲದಿದ್ದರೆ ಲ್ಯಾಬ್‌ನಿಂದಲೇ ಅದನ್ನು ತೆರೆಯಬಹುದು. ಕಚೇರಿ, ಲ್ಯಾಬ್, ಕ್ಯಾಮೆರಾ ಈ ಮೂರನ್ನೂ ಬೇರ್ಪಡಿಸಲು ವಿಎಲ್‌ಎಎನ್ ಸೌಲಭ್ಯವಿರುವ ಸ್ವಿಚ್ ಬೇಕು. ವೈಫೈಗೆ ಕನಿಷ್ಠ ಡಬ್ಲ್ಯೂಪಿಎ-2 ಭದ್ರತೆ, ಅತಿಥಿಗಳಿಗೆ ಪ್ರತ್ಯೇಕ ಸಂಪರ್ಕ, ಮಕ್ಕಳಿಗೆ ಒಗ್ಗದ ತಾಣಗಳನ್ನು ತಡೆಯುವ ಡಿಎನ್‌ಎಸ್ ಸೋಸುವಿಕೆ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ ಅವರ ಮಾಹಿತಿಗೆ ಹೆಚ್ಚಿನ ರಕ್ಷಣೆ ಕೊಟ್ಟಿದೆ ಎಂಬುದನ್ನು ವರದಿಯಲ್ಲಿ ಉಲ್ಲೇಖಿಸಿ.

ಹಂತ 6: ಅಗತ್ಯವನ್ನು ಕಲಿಕೆಯಿಂದ ಲೆಕ್ಕ ಹಾಕಿ

ವೇಳಾಪಟ್ಟಿ ಎದುರಿಗಿಟ್ಟುಕೊಳ್ಳಿ. ತರಗತಿಯಲ್ಲಿ 40 ಮಕ್ಕಳು, ಒಂದು ಕಂಪ್ಯೂಟರ್‌ಗೆ ಇಬ್ಬರು ಎಂದರೆ 20 ಕಂಪ್ಯೂಟರ್. 720ಪಿ ವಿಡಿಯೊಗೆ ಸುಮಾರು 2.5 ಎಂಬಿಪಿಎಸ್ ಬೇಕು. 20 ಕಂಪ್ಯೂಟರ್‌ಗೆ 50. ಸ್ಮಾರ್ಟ್ ತರಗತಿ, ಕಚೇರಿ ಸೇರಿಸಿ ಸ್ವಲ್ಪ ಅವಕಾಶ ಬಿಟ್ಟರೆ 100 ಎಂಬಿಪಿಎಸ್ ಕೇಳುವುದಕ್ಕೆ ಕಾರಣ ಸಿಕ್ಕಿತು.

ಪಟ್ಟಣದೊಳಗಿನ ಶಾಲೆಗೆ ಫೈಬರ್ ಸುಲಭ. ತ್ಯಾಮಗೊಂಡ್ಲು ಕಡೆಯ ಹಳ್ಳಿಗಳಲ್ಲಿ, ಶಿವಗಂಗೆ ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಮೊದಲು ವಿಚಾರಿಸಬೇಕು: ಗ್ರಾಮ ಪಂಚಾಯಿತಿಗೆ ಭಾರತ್‌ನೆಟ್ ಫೈಬರ್ ಬಂದಿದೆಯೇ, ಅಲ್ಲಿಂದ ಶಾಲೆಗೆ ಎಷ್ಟು ದೂರ, ಇಲ್ಲದಿದ್ದರೆ ಯಾವ ಮೊಬೈಲ್ ಕಂಪನಿಯ 4ಜಿ ಲ್ಯಾಬ್‌ನೊಳಗೆ ಸಿಗುತ್ತದೆ. ಸಂಪರ್ಕ ಹೇಗಿದ್ದರೂ ಒಂದು ಹಳೆಯ ಕಂಪ್ಯೂಟರ್ ಅನ್ನು ಸ್ಥಳೀಯ ಸರ್ವರ್ ಮಾಡಿ ಕೊಲಿಬ್ರಿ, ಕಿವಿಕ್ಸ್‌ನಂಥ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಕನ್ನಡ ವಿಕಿಪೀಡಿಯವನ್ನೂ ಪಾಠದ ಸಾಮಗ್ರಿಯನ್ನೂ ಒಮ್ಮೆ ಇಳಿಸಿಕೊಂಡರೆ, ರಸ್ತೆ ಅಗೆದಾಗ ಕೇಬಲ್ ತುಂಡಾದ ದಿನವೂ ತರಗತಿ ನಡೆಯುತ್ತದೆ.

ಹಂತ 7: ಪ್ರಸ್ತಾವನೆ ಬರೆಯುವ ಕ್ರಮ

ಒಂದು ನಿಯಮ ಸಾಕು: ತಪಾಸಣೆಯಲ್ಲಿ ಅಗತ್ಯ ಕಾಣದ ಯಾವ ಸಾಮಗ್ರಿಯೂ ಪ್ರಸ್ತಾವನೆಯಲ್ಲಿ ಇರಬಾರದು. ಪಟ್ಟಿಯ ಪ್ರತಿ ಸಾಲಿನಲ್ಲೂ ನಾಲ್ಕು ಅಂಶ ಬರಲಿ — ಕಂಡ ಕೊರತೆ, ಅದರಿಂದ ಕಲಿಕೆಗಾದ ತೊಂದರೆ, ಪರಿಹಾರ, ಅಂದಾಜು ವೆಚ್ಚ. ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸಿ. ಮೊದಲು ಅರ್ತಿಂಗ್, ಯುಪಿಎಸ್, ಕೇಬಲ್. ಎರಡನೆಯದು ಸ್ವಿಚ್, ವೈಫೈ, ಭದ್ರತೆ. ಕೊನೆಗೆ ಕಂಪ್ಯೂಟರ್. ಹಣ ಅರ್ಧವೇ ಬಂದರೂ ಅಡಿಪಾಯದ ಕೆಲಸ ಮುಗಿದಿರುತ್ತದೆ.

ಕನಿಷ್ಠ ಮೂವರಿಂದ ಕೊಟೇಶನ್ ಪಡೆಯಿರಿ. ಎಲ್ಲರಿಗೂ ಒಂದೇ ವಿವರಪಟ್ಟಿ ಕೊಟ್ಟರೆ ಮಾತ್ರ ತುಲನಾತ್ಮಕ ಪಟ್ಟಿಗೆ ಅರ್ಥವಿರುತ್ತದೆ. ಬ್ರ್ಯಾಂಡ್ ಹೆಸರಿನ ಬದಲು ಗುಣಮಟ್ಟ ಬರೆಯಿರಿ: 24 ಪೋರ್ಟ್ ಗಿಗಾಬಿಟ್ ಸ್ವಿಚ್, ಪೂರ್ಣ ತಾಮ್ರದ ಕ್ಯಾಟ್-6, 3 ವರ್ಷ ವಾರಂಟಿ. ಶೇ 18 ಜಿಎಸ್‌ಟಿ, ಸಾಗಣೆ, ಅಳವಡಿಕೆ ಕೂಲಿ ಪ್ರತ್ಯೇಕವಾಗಿ ಕಾಣಲಿ. ಸರ್ಕಾರಿ ಹಣವಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಖರೀದಿ ವಿಧಾನವನ್ನು ಬಿಇಒ ಕಚೇರಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ.

ಮರೆಯಬಾರದ ಸಾಲು ನಿರ್ವಹಣೆಯದು. ಮೂರು ವರ್ಷದ ಇಂಟರ್ನೆಟ್ ಬಿಲ್, ಎಎಂಸಿ, ಯುಪಿಎಸ್ ಬ್ಯಾಟರಿ ಬದಲಾವಣೆ, ಇಬ್ಬರು ಶಿಕ್ಷಕರ ತರಬೇತಿ ಇವುಗಳ ಮೊತ್ತ ಆರಂಭದ ಅಂದಾಜಿನಲ್ಲೇ ಇರಬೇಕು. ಇಲ್ಲದಿದ್ದರೆ ಮೊದಲ ಬ್ಯಾಟರಿ ಸತ್ತ ದಿನವೇ ಲ್ಯಾಬ್‌ಗೆ ಬೀಗ ಬೀಳುತ್ತದೆ. ಕೈಬಿಡುವ ಯಂತ್ರಗಳ ಹಾರ್ಡ್ ಡಿಸ್ಕ್ ಅಳಿಸಿ, ದಾಸ್ತಾನಿನಿಂದ ತೆಗೆಯಲು ಅನುಮತಿ ಪಡೆದು, 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಕೊಡುವುದಾಗಿಯೂ ಬರೆಯಿರಿ.

ಹಂತ 8: ಸಲ್ಲಿಕೆ, ಆಮೇಲಿನ ಹೊಣೆ

ಡಿಸೆಂಬರ್‌ನಲ್ಲಿ ತಪಾಸಣೆ ಮುಗಿಸಿ, ಜನವರಿ-ಫೆಬ್ರುವರಿಯಲ್ಲಿ ಪ್ರಸ್ತಾವನೆ ಸಲ್ಲಿಸಿ. ಏಪ್ರಿಲ್‌ನಿಂದ ಹೊಸ ಹಣಕಾಸು ವರ್ಷ, ಅದರ ಬೆನ್ನಿಗೇ ಬೇಸಿಗೆ ರಜೆ. ಗೋಡೆ ಕೊರೆಯುವ ಕೆಲಸವೆಲ್ಲ ಜೂನ್‌ಗೆ ಮುನ್ನ ಮುಗಿಯಬೇಕು. ಮೊದಲ ಪುಟದಲ್ಲಿ ಇಡೀ ವಿಷಯದ ಸಾರಾಂಶ, ಕೊನೆಯಲ್ಲಿ ಎಸ್‌ಡಿಎಂಸಿ ನಿರ್ಣಯ, ದಾಸ್ತಾನು ಪಟ್ಟಿ, ನಕ್ಷೆ, ವೇಗದ ಕೋಷ್ಟಕ, ಫೋಟೊ, ಕೊಟೇಶನ್‌ಗಳನ್ನು ಲಗತ್ತಿಸಿ.

ಕೆಲಸ ಮುಗಿದ ದಿನ ಅದೇ ಪಟ್ಟಿ ಹಿಡಿದು ಮತ್ತೊಮ್ಮೆ ಅಳೆದು, ಹಿಂದಿನ ವೇಗ ಮತ್ತು ಈಗಿನ ವೇಗವನ್ನು ಅಕ್ಕಪಕ್ಕ ಬರೆದು ದಾನಿಗಳಿಗೆ ಕಳುಹಿಸಿ. ಹೊಸ ಪಾಸ್‌ವರ್ಡ್‌ಗಳನ್ನು ಲಕೋಟೆಯಲ್ಲಿ ಮೊಹರು ಮಾಡಿ ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಮುಖ್ಯ ಶಿಕ್ಷಕರು ವರ್ಗವಾದಾಗ ದಾಸ್ತಾನು ವಹಿಯ ಜೊತೆ ಈ ಕಡತವನ್ನೂ ಹಸ್ತಾಂತರಿಸುವುದು ಕಡ್ಡಾಯ ಎಂದು ನಡಾವಳಿಯಲ್ಲಿ ಬರೆಸಿ. ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ನಡೆಯುವಾಗಲೇ ನೆಟ್‌ವರ್ಕ್ ತಪಾಸಣೆಯನ್ನೂ ಮಾಡಿ ಮುಗಿಸಿದರೆ, ಮುಂದಿನ ಪ್ರಸ್ತಾವನೆಗೆ ಬೇಕಾದ ಅರ್ಧ ಕೆಲಸ ಆಗಲೇ ಆಗಿರುತ್ತದೆ.