ಒಂದು ಸಂಪರ್ಕ, ಹಲವು ಗಣಕಗಳು: ರೌಟರ್ ಬಳಕೆಯಲ್ಲಿ ವರ್ತಕರು ಅರಿತಿರಬೇಕಾದ ಸಂಗತಿಗಳು

ಕೆಳಗೆ ಅಂಗಡಿ ಅಥವಾ ಕಾರ್ಯಾಗಾರ, ಮೇಲೆ ವಾಸದ ಮನೆ, ಎರಡಕ್ಕೂ ಸೇರಿ ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕ. ಸಣ್ಣ ವರ್ತಕರಲ್ಲಿಯೂ ಕಿರು ಉದ್ಯಮಿಗಳಲ್ಲಿಯೂ ಇಂತಹ ವ್ಯವಸ್ಥೆ ಸಾಮಾನ್ಯ. ಬಿಲ್ಲು ಹಾಕುವ ಗಣಕ, ಲೆಕ್ಕಪತ್ರದ ಗಣಕ, ಪ್ರಿಂಟರ್, ಸಿಸಿಟಿವಿ, ಮನೆಯವರ ಮೊಬೈಲ್ ಹಾಗೂ ಟಿ.ವಿ. ಎಲ್ಲವೂ ಒಂದೇ ತಂತಿಯನ್ನು ಅವಲಂಬಿಸಿರುತ್ತವೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಬಳಿಕ ತೆರಿಗೆಯ ವಿವರಪಟ್ಟಿಯಿಂದ ಹಿಡಿದು ಇ-ವೇ ಬಿಲ್ಲಿನವರೆಗೆ ಸಕಲ ಕಾರ್ಯಗಳೂ ಅಂತರ್ಜಾಲದ ಮೂಲಕವೇ ನಡೆಯಬೇಕಾಗಿದೆ. ಸಂಪರ್ಕ ಕಡಿದರೆ ಸರಕು ತುಂಬಿದ ಲಾರಿ ಬಾಗಿಲಲ್ಲೇ ನಿಲ್ಲಬಹುದು. ಈ ಸಂಪರ್ಕವನ್ನು ಹಂಚುವ ರೌಟರ್ ಎಂಬ ಪೆಟ್ಟಿಗೆ ಏನು ಮಾಡುತ್ತದೆ, ಅದರಿಂದ ಚಂದಾದಾರನ ಮೇಲೆ ಬೀಳುವ ಹೊಣೆ ಎಂತಹದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ರೌಟರ್ ಮಾಡುವ ಕೆಲಸ

ಭಾರತ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. 2005ರಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯು ದೂರವಾಣಿಯ ತಂತಿಯ ಮೇಲೆಯೇ ‘ಡೇಟಾಒನ್’ ಸೇವೆಯನ್ನು ಆರಂಭಿಸಿತು. ಆಗ ಅನೇಕರ ಮನೆಗಳಲ್ಲಿ ಒಂದು ಮೋಡೆಮ್, ಅದಕ್ಕೆ ಜೋಡಿಸಿದ ಒಂದು ಗಣಕ ಇಷ್ಟೇ ಇರುತ್ತಿತ್ತು. 2023ರಲ್ಲಿ ಈ ಕನಿಷ್ಠ ವೇಗದ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ವೇಗ ಹೆಚ್ಚಿದಂತೆ ಹಂಚಿಕೆಯೂ ಸಹಜವಾಯಿತು.

ಅಂತರ್ಜಾಲದಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಐಪಿ ವಿಳಾಸವೆಂಬ ಸಂಖ್ಯೆಯಿರುತ್ತದೆ. ಹಳೆಯ ಪದ್ಧತಿಯ ಇಂತಹ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಗತ್ತಿನ ಪ್ರತಿಯೊಂದು ಯಂತ್ರಕ್ಕೂ ಅವು ಸಾಲವು. ಆದುದರಿಂದ ಹೊರಗೆ ಒಂದೇ ವಿಳಾಸವನ್ನು ತೋರಿಸಿ, ಒಳಗಿನ ಯಂತ್ರಗಳಿಗೆ 192.168 ಎಂದು ಮೊದಲಾಗುವ ಖಾಸಗಿ ಸಂಖ್ಯೆಗಳನ್ನು ಕೊಡುವ ಉಪಾಯವನ್ನು 1990ರ ದಶಕದಲ್ಲಿ ರೂಪಿಸಲಾಯಿತು.

ಇದನ್ನು ಕಛೇರಿಯ ಆವಕ-ಜಾವಕ ವಿಭಾಗಕ್ಕೆ ಹೋಲಿಸಬಹುದು. ಒಳಗೆ ಹತ್ತು ಮೇಜುಗಳಿದ್ದರೂ ಹೊರಹೋಗುವ ಪತ್ರಗಳ ಮೇಲೆ ಕಛೇರಿಯ ಒಂದೇ ವಿಳಾಸವಿರುತ್ತದೆ. ಯಾವ ಪತ್ರ ಯಾವ ಮೇಜಿನಿಂದ ಹೊರಟಿತು ಎಂಬುದನ್ನು ಗುಮಾಸ್ತನು ಪುಸ್ತಕದಲ್ಲಿ ಬರೆದಿಟ್ಟು, ಉತ್ತರ ಬಂದಾಗ ಆಯಾ ಮೇಜಿಗೆ ತಲುಪಿಸುತ್ತಾನೆ. ರೌಟರ್ ಮಾಡುವುದೂ ಇದನ್ನೇ. ವ್ಯತ್ಯಾಸವೊಂದಿದೆ: ಸಾಮಾನ್ಯ ಮನೆಬಳಕೆಯ ರೌಟರಿನ ಆವಕ-ಜಾವಕ ಪುಸ್ತಕವು ಉಳಿಯುವುದಿಲ್ಲ; ಕೆಲಸ ಮುಗಿದೊಡನೆ ಅಥವಾ ಸ್ವಲ್ಪ ಹೊತ್ತಿನಲ್ಲಿ ಅದು ಅಳಿಸಿಹೋಗುತ್ತದೆ. ಈ ವ್ಯತ್ಯಾಸದ ಮಹತ್ವ ಮುಂದೆ ತಿಳಿದುಬರುತ್ತದೆ.

ವೇಗದ ಲೆಕ್ಕ

ಸಂಪರ್ಕದ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಮೆಗಾಬೈಟ್‌ನಲ್ಲಿ ಅಳೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. 40 ಮೆಗಾಬಿಟ್ ಸಂಪರ್ಕವೆಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್. 300 ಮೆಗಾಬೈಟ್‌ನ ಲೆಕ್ಕಪತ್ರದ ಪ್ರತಿಯನ್ನು ಇಳಿಸಿಕೊಳ್ಳಲು ಒಂದು ನಿಮಿಷ ಸಾಕು. ಅದೇ ಹೊತ್ತಿಗೆ ಐವರು ಸಮನಾಗಿ ಬಳಸುತ್ತಿದ್ದರೆ ಐದು ನಿಮಿಷ ಬೇಕಾಗುತ್ತದೆ. ರೌಟರ್ ಇರುವ ವೇಗವನ್ನು ಹಂಚುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಅಂತರ್ಜಾಲದಲ್ಲಿ ದೃಶ್ಯಗಳನ್ನು ಸಂಗ್ರಹಿಸುವ ಕ್ಯಾಮೆರಾಗಳು ಹಗಲಿರುಳು ಹೊರಮುಖದ ವೇಗವನ್ನು ಕಬಳಿಸುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ವೈ-ಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳು ರೂಢಿಯಲ್ಲಿವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಎರಡನೆಯದು ವೇಗವುಳ್ಳದ್ದು, ಆದರೆ ಗೋಡೆಗಳಿಗೆ ಬೇಗ ಸೋಲುತ್ತದೆ. ಕಬ್ಬಿಣದ ಕಪಾಟು, ತಗಡಿನ ಛಾವಣಿ, ಯಂತ್ರಗಳ ನಡುವೆ ಎರಡೂ ಕುಂದುತ್ತವೆ. ಬಿಲ್ಲಿನ ಗಣಕ ಹಾಗೂ ಪ್ರಿಂಟರಿಗೆ ತಂತಿಯ ಜೋಡಣೆಯೇ ಭದ್ರವಾದುದು. ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರಿನವರೆಗೆ ನಡೆಯುತ್ತದೆ.

ಎರಡನೆಯ ರೌಟರ್ ಕೊಳ್ಳುವ ಮುನ್ನ

ಫೈಬರ್ ಸಂಪರ್ಕದೊಡನೆ ಸೇವಾದಾರರು ಇರಿಸುವ ಪೆಟ್ಟಿಗೆಯಲ್ಲಿಯೇ ಬಹುಮಟ್ಟಿಗೆ ರೌಟರ್ ಅಡಗಿರುತ್ತದೆ. ಮಹಡಿಗೆ ಸಂಕೇತ ತಲುಪದೆಂದು ಇನ್ನೊಂದು ರೌಟರನ್ನು ತಂದು ಹಾಗೆಯೇ ಜೋಡಿಸಿದರೆ ಜಾಲದೊಳಗೊಂದು ಜಾಲ ಹುಟ್ಟಿಕೊಳ್ಳುತ್ತದೆ. ಆಗ ಮೇಲಿನ ಮತ್ತು ಕೆಳಗಿನ ಯಂತ್ರಗಳು ಪರಸ್ಪರ ಕಾಣಿಸದೆ, ಪ್ರಿಂಟರ್ ಸಿಗುತ್ತಿಲ್ಲವೆಂಬ ದೂರು ಬರುತ್ತದೆ. ಹೊಸ ಪೆಟ್ಟಿಗೆಯನ್ನು ‘ಆ್ಯಕ್ಸೆಸ್ ಪಾಯಿಂಟ್’ ಆಗಿ ಹೊಂದಿಸಿದರೆ ಒಂದೇ ಜಾಲ ಉಳಿಯುತ್ತದೆ. ವಿದ್ಯುತ್ ಹೋದಾಗ ಈ ಪೆಟ್ಟಿಗೆಗಳಿಗೂ ಯು.ಪಿ.ಎಸ್. ಆಸರೆ ಬೇಕು, ಗಣಕಕ್ಕೆ ಮಾತ್ರ ಇದ್ದರೆ ಇ-ವೇ ಬಿಲ್ಲು ಹೊರಡದು.

ಹೊಣೆ ಯಾರದು?

ಒಳಗಿನ ಎಲ್ಲರೂ ಹೊರಗೆ ಒಂದೇ ವಿಳಾಸದಿಂದ ಕಾಣಿಸಿಕೊಳ್ಳುವುದರಿಂದ, ಅಪರಾಧ ನಡೆದಾಗ ತನಿಖೆಯು ಮೊದಲು ಬರುವುದು ಬಿಲ್ಲಿನಲ್ಲಿ ಹೆಸರಿರುವ ಚಂದಾದಾರನ ಬಾಗಿಲಿಗೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ಸಂಭವಿಸುವುದಕ್ಕೆ ಕೆಲವೇ ನಿಮಿಷಗಳ ಮೊದಲು ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಅದರ ಜಾಡು ನವಿಮುಂಬಯಿಯ ಸಾನಪಾಡಾದಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯವರೆಗೆ ತಲುಪಿತು. ಭದ್ರಪಡಿಸದ ಅವರ ವೈ-ಫೈಯನ್ನು ಅನ್ಯರು ಬಳಸಿಕೊಂಡಿದ್ದರು. ಅವರು ನಿರ್ದೋಷಿಯಾಗಿದ್ದರೂ ವಿಚಾರಣೆಯನ್ನು ಎದುರಿಸಬೇಕಾಯಿತು. ತನ್ನ ಗಣಕದಿಂದ ಅದು ಹೋಗಲಿಲ್ಲವೆಂದು ತೋರಿಸಲು ಸಾಮಾನ್ಯ ಚಂದಾದಾರನ ಬಳಿ ದಾಖಲೆಯಿರುವುದು ವಿರಳ. ಅಳಿಸಿಹೋಗುವ ಆವಕ-ಜಾವಕ ಪುಸ್ತಕದ ತೊಡಕು ಇದೇ.

ಅಂತೆಯೇ ವೈ-ಫೈ ಬೀಗದ ಗುಣವನ್ನೂ ನೋಡಬೇಕು. ‘ವೆಪ್’ ಎಂಬ ಹಳೆಯ ಬೀಗವು 2001ರಲ್ಲಿಯೇ ದುರ್ಬಲವೆಂದು ಸಿದ್ಧವಾಯಿತು. 2004ರಲ್ಲಿ ಬಂದ ಡಬ್ಲ್ಯುಪಿಎ2, ಇಲ್ಲವೇ 2018ರಲ್ಲಿ ಬಂದ ಡಬ್ಲ್ಯುಪಿಎ3 ಪದ್ಧತಿಯನ್ನೇ ಆರಿಸಿಕೊಳ್ಳತಕ್ಕದ್ದು. ಎಂಟು ಅಂಕಿಗಳ ಪಿನ್ ಬಳಸಿ ಯಂತ್ರಗಳನ್ನು ಜೋಡಿಸುವ ‘ಡಬ್ಲ್ಯುಪಿಎಸ್’ ಸೌಲಭ್ಯದಲ್ಲಿ 2011ರಲ್ಲಿ ದೋಷ ಬಯಲಾಯಿತು. ಅದನ್ನು ನಿಲ್ಲಿಸಿಡುವುದು ಲೇಸು.

ಜಾಲದಲ್ಲಿ ವಿಭಾಗ

ಹೊರಗಿನ ಬಾಗಿಲು ಭದ್ರವಾಗಿದ್ದರೂ ಒಳಗೆ ಗೋಡೆಯಿಲ್ಲದಿದ್ದರೆ ಅಪಾಯ ಉಳಿಯುತ್ತದೆ. 2017ರ ಮೇ ತಿಂಗಳಿನಲ್ಲಿ ಹರಡಿದ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಒಂದು ಗಣಕವನ್ನು ಹೊಕ್ಕು, ಅದೇ ಜಾಲದಲ್ಲಿದ್ದ ದೋಷಯುಕ್ತ ವಿಂಡೋಸ್ ಗಣಕಗಳಿಗೆ ತಾನಾಗಿಯೇ ದಾಟುತ್ತಿತ್ತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಮಕ್ಕಳು ಆಟಕ್ಕೆ ಬಳಸುವ ಗಣಕವೂ ಹತ್ತು ವರ್ಷದ ಲೆಕ್ಕಪತ್ರವಿರುವ ಗಣಕವೂ ಒಂದೇ ಜಾಲದಲ್ಲಿರುವುದರ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ. 2016ರ ‘ಮಿರಾಯ್’ ತಂತ್ರಾಂಶವಂತೂ ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಬದಲಿಸದ ಕ್ಯಾಮೆರಾ ಹಾಗೂ ರೌಟರುಗಳನ್ನೇ ಹುಡುಕಿ ವಶಪಡಿಸಿಕೊಂಡಿತು.

ಅನೇಕ ರೌಟರುಗಳಲ್ಲಿರುವ ‘ಗೆಸ್ಟ್ ನೆಟ್‌ವರ್ಕ್’ ಇದಕ್ಕೆ ಸುಲಭ ಪರಿಹಾರ. ವ್ಯಾಪಾರದ ಗಣಕ ಮತ್ತು ಪ್ರಿಂಟರುಗಳನ್ನು ಮುಖ್ಯ ಜಾಲದಲ್ಲಿಟ್ಟು, ಮನೆಯ ಮೊಬೈಲು, ಟಿ.ವಿ., ಬಂದುಹೋಗುವವರು ಇವೆಲ್ಲವನ್ನೂ ಅತಿಥಿ ಜಾಲಕ್ಕೆ ಒಪ್ಪಿಸಿದರೆ, ಎಲ್ಲರಿಗೂ ಅಂತರ್ಜಾಲ ದೊರೆಯುತ್ತದೆ. ಲೆಕ್ಕಪತ್ರ ಮಾತ್ರ ಅವರಿಗೆ ಕಾಣಿಸದು. ವೈ-ಫೈ ಕ್ಯಾಮೆರಾಗಳಿಗೂ ಅದೇ ಸ್ಥಾನ ಉಚಿತ.

ನೆರೆಯವರಿಗೆ, ಗ್ರಾಹಕರಿಗೆ

ಪಕ್ಕದ ಅಂಗಡಿಗೆ ತಂತಿ ಎಳೆದು ತಿಂಗಳ ಬಾಡಿಗೆ ಪಡೆಯುವುದು ಹಂಚಿಕೆಯಲ್ಲ, ಮರುಮಾರಾಟ. ಅದಕ್ಕೆ ಸರ್ಕಾರದ ಅನುಮತಿ ಬೇಕು. ಗ್ರಾಹಕರಿಗೆ ವೈ-ಫೈ ಒದಗಿಸಲಿಚ್ಛಿಸುವವರಿಗೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟವು ಒಪ್ಪಿದ ‘ಪಿಎಂ-ವಾಣಿ’ ಯೋಜನೆಯಲ್ಲಿ ನೇರವಾದ ದಾರಿಯಿದೆ. ಕಿರಾಣಿ ಅಂಗಡಿಯವರೂ ಚಹಾದ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ಡೇಟಾ ಕಛೇರಿಯನ್ನು ನಡೆಸಬಹುದು. ಬಳಕೆದಾರರ ಗುರುತಿನ ಪರಿಶೀಲನೆಯು ಆ ವ್ಯವಸ್ಥೆಯಲ್ಲಿಯೇ ಅಡಕವಾಗಿದೆ.

ಕೈಗೊಳ್ಳಬೇಕಾದ ಕ್ರಮಗಳು

1. ರೌಟರಿನ ಆಡಳಿತ ಗುಪ್ತಪದವನ್ನು ಮೊದಲ ದಿನವೇ ಬದಲಿಸುವುದು. ಇದೂ ವೈ-ಫೈ ಗುಪ್ತಪದವೂ ಬೇರೆ ಬೇರೆಯಾಗಿರಬೇಕು.

2. ವೈ-ಫೈ ಗುಪ್ತಪದ ಉದ್ದವಾಗಿರಲಿ. ಅಂಗಡಿಯ ಹೆಸರು, ದೂರವಾಣಿ ಸಂಖ್ಯೆ ಬೇಡ. ನೌಕರರು ಕೆಲಸ ಬಿಟ್ಟಾಗ ಅದನ್ನು ಬದಲಿಸುವುದು.

3. ವ್ಯಾಪಾರದ ಯಂತ್ರಗಳಿಗೂ ಮನೆ ಹಾಗೂ ಅತಿಥಿಗಳಿಗೂ ಪ್ರತ್ಯೇಕ ಜಾಲ ಮಾಡುವುದು.

4. ತಯಾರಕರು ಬಿಡುಗಡೆ ಮಾಡುವ ತಂತ್ರಾಂಶದ ಪರಿಷ್ಕರಣೆಯನ್ನು ತಪ್ಪದೆ ಅಳವಡಿಸುವುದು; ಪರಿಷ್ಕರಣೆ ನಿಂತುಹೋದ ಹಳೆಯ ರೌಟರನ್ನು ಬದಲಿಸುವುದು.

5. ಲೆಕ್ಕಪತ್ರದ ಒಂದು ಪ್ರತಿಯನ್ನು ಜಾಲಕ್ಕೆ ಜೋಡಿಸದ ಡಿಸ್ಕ್‌ನಲ್ಲಿ ಇಡುವುದು.

ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಯಾರ ಕೈಗೆ ಕೊಡಬೇಕೆಂದು ಯೋಚಿಸುವ ವರ್ತಕರು ರೌಟರಿನ ಗುಪ್ತಪದದ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಿದರೆ, ಒಂದು ಸಂಪರ್ಕದಿಂದ ಮನೆಯೂ ವ್ಯಾಪಾರವೂ ನಿರಾತಂಕವಾಗಿ ನಡೆಯಬಲ್ಲವು. ಇಲ್ಲಿ ಹೇಳಿದ ಬದಲಾವಣೆಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಅಂಗಡಿಯ ಬಾಗಿಲು ಹಾಕಿದ ಮೇಲಿನ ಒಂದು ಸಂಜೆಯ ಬಿಡುವು ಸಾಕು.